12 ನಿಮಿಷದ ಮಾತಿನಲ್ಲಿ ಅಮ್ಮನ ಕಥೆ ಎಷ್ಟಿರಬೇಕು?

ಕತೆಕೇಳುವವಳು

ನಮಸ್ಕಾರ. ಟೆಡ್ ಟಾಕ್ ಥರದ ಸಣ್ಣ ಭಾಷಣಗಳನ್ನು ನೋಡುವವರೂ ಅಂಥ ಕಡೆ ಮಾತಾಡಿದವರೂ ಇಲ್ಲಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಮುಂದಿನ ತಿಂಗಳು ಒಂದು ಕಾರ್ಯಕ್ರಮದಲ್ಲಿ 12 ನಿಮಿಷ ಮಾತಾಡಬೇಕು. ಒಂದು ವಿಚಾರ ಇರಬೇಕು, ಅದು ನಿಮ್ಮ ಬದುಕಿನಿಂದಲೇ ಬಂದಿರಬೇಕು, ಇಷ್ಟೇ ಷರತ್ತು. ನನ್ನ ಅಮ್ಮನಿಗೆ ಡಿಮೆನ್ಶಿಯಾ, ಅಂದರೆ ನೆನಪು ಕುಂದುತ್ತಾ ಹೋಗುವ ಕಾಯಿಲೆ ಇದೆ. ನೋಡಿಕೊಳ್ಳುತ್ತಿರುವುದು ನಾನು. ಹಾಗಾಗಿ ಬೇರೆ ವಿಷಯ ಹುಡುಕುವ ಅಗತ್ಯವೇ ಬರಲಿಲ್ಲ.

ಅಮ್ಮ ದಿನಕ್ಕೆ ಎಷ್ಟೋ ಸಲ "ಅವ್ವ ಎಲ್ಲಿ? ಇನ್ನೂ ಬಂದಿಲ್ವಾ?" ಅಂತ ಕೇಳುತ್ತಾಳೆ. ಅಜ್ಜಿ ತೀರಿಕೊಂಡು ಬಹಳ ವರ್ಷವಾಗಿದೆ. ಮನೆಗೆ ಬಂದ ನೆಂಟರು "ಅವರು ಹೋಗಿ ಎಷ್ಟು ಕಾಲ ಆಯ್ತು, ಮರೆತುಬಿಟ್ರಾ?" ಅಂತ ತಿದ್ದುತ್ತಾರೆ. ಅಮ್ಮನಿಗೆ ಅದು ಪ್ರತಿ ಸಲವೂ ಹೊಸ ಸುದ್ದಿ. ಆಗಷ್ಟೇ ಗೊತ್ತಾದವಳ ಹಾಗೆ ಅಳುತ್ತಾಳೆ. ಅಮ್ಮನನ್ನು ನೋಡಿಕೊಳ್ಳಲು ಸ್ವಲ್ಪ ಕಾಲ ಬರುತ್ತಿದ್ದ ನರ್ಸ್ ಒಬ್ಬರು ಬೇರೆ ದಾರಿ ತೋರಿಸಿದರು. ತಿದ್ದಬೇಡಿ, ಸುಳ್ಳೂ ಹೇಳಬೇಡಿ, ಅವರ ಅವ್ವನ ಬಗ್ಗೆಯೇ ಕೇಳಿ ಅಂದರು. "ಅವ್ವನ ಜೊತೆ ಏನು ಮಾತಾಡ್ಬೇಕಿತ್ತಮ್ಮಾ?" ಅಂದರೆ ಅಮ್ಮ ಅರ್ಧ ಗಂಟೆ ಮಾತಾಡುತ್ತಾಳೆ. ನನಗೆ ಗೊತ್ತೇ ಇರದಿದ್ದ ಅಜ್ಜಿ ಹೀಗೆ ಸಿಕ್ಕಿದಳು. ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ.

ತೊಂದರೆ ಏನೆಂದರೆ, ಬರೆದುಕೊಂಡು ಗಟ್ಟಿಯಾಗಿ ಓದಿದರೆ ಮುಕ್ಕಾಲು ಪಾಲು ಅಮ್ಮನ ಕಷ್ಟವೇ ಆಗಿ, ವಿಚಾರ ಕೊನೆಯಲ್ಲಿ ಓಡೋಡಿ ಬರುತ್ತದೆ. ನಡುವೆ ಒಂದು ಕಡೆ ನನ್ನ ಗಂಟಲು ಕಟ್ಟುತ್ತದೆ. ಜೊತೆಗೆ ತಮ್ಮ "ಅಮ್ಮನ ವಿಷಯ ಹೊರಗಿನವರ ಮುಂದೆ ಯಾಕೆ?" ಅಂತ ಕೇಳಿದ್ದಾನೆ. ಅಮ್ಮನನ್ನು ಕೇಳೋಣ ಅಂದರೆ, ಅವಳು ಹೂಂ ಅಂದರೂ ಅದಕ್ಕೆ ಏನರ್ಥ?

ಇನ್ನೊಂದು ಮಾತು. ಇಂಥ ಭಾಷಣಗಳನ್ನು ನಾನು ತುಂಬಾ ನೋಡಿದ್ದೇನೆ. ಕೆಲವು ನೋಡುವಾಗ ಕಣ್ಣು ತುಂಬಿ ಬರುತ್ತದೆ, ಮರುದಿನ ಅವರು ಹೇಳಿದ್ದೇನು ಅಂತ ಕೇಳಿದರೆ ಹೇಳಲು ಆಗುವುದಿಲ್ಲ. ಕೆಲವು ಮಾತ್ರ ವರ್ಷಗಟ್ಟಲೆ ಜೊತೆಗೆ ಬರುತ್ತವೆ. ಏನು ವ್ಯತ್ಯಾಸ? ನನ್ನ ಮಾತು ಎರಡನೇ ಜಾತಿಗೆ ಸೇರಬೇಕು ಅಂತ ಆಸೆ.

ಹಳೇರೇಡಿಯೊ

ನಿಮ್ಮ ವಿಚಾರ ಈಗಾಗಲೇ ಗಟ್ಟಿಯಾಗಿದೆ, ಮೊದಲು ಅದನ್ನು ನಂಬಿ. ಸಣ್ಣ ಮಾತುಗಳ ಕಾರ್ಯಕ್ರಮಕ್ಕೆ ಮಾತಾಡುವವರನ್ನು ತಯಾರು ಮಾಡುವ ಕೆಲಸ ನಾನು ಮಾಡುತ್ತೇನೆ. ಅಲ್ಲಿಗೆ ಬರುವ ಹೆಚ್ಚಿನವರ ಹತ್ತಿರ ದೊಡ್ಡ ಕಥೆ ಇರುತ್ತದೆ, ಅದರಿಂದ ಕೇಳುವವರಿಗೆ ಏನು ಸಿಗಬೇಕು ಅನ್ನುವುದು ಗೊತ್ತಿರುವುದಿಲ್ಲ. ನೀವು ಅದನ್ನು ನಾಲ್ಕು ಸಾಲಿನಲ್ಲಿ ಬರೆದೇಬಿಟ್ಟಿದ್ದೀರಿ.

ಯಾವುದು ನೆನಪಿನಲ್ಲಿ ಉಳಿಯುತ್ತದೆ ಅಂತ ಕೇಳಿದಿರಿ. ಜಿಲ್ ಬೋಲ್ಟ್ ಟೇಲರ್ 2008ರಲ್ಲಿ ಟೆಡ್‌ನಲ್ಲಿ ಆಡಿದ ಮಾತು ನೋಡಿದ್ದೀರಾ? ಆಕೆ ಮೆದುಳಿನ ವಿಜ್ಞಾನಿ. 1996ರ ಡಿಸೆಂಬರ್‌ನ ಒಂದು ಬೆಳಿಗ್ಗೆ ಆಕೆಗೇ ಪಾರ್ಶ್ವವಾಯು ಹೊಡೆಯಿತು, ಮೆದುಳಿನ ಎಡಭಾಗದಲ್ಲಿ ರಕ್ತಸ್ರಾವ. ಮಾತು ಹೋಯಿತು, ಅಂಕಿ ಓದುವುದು ಹೋಯಿತು, ಸಹಾಯಕ್ಕೆ ಫೋನ್ ಮಾಡುವುದೇ ದೊಡ್ಡ ಹೋರಾಟವಾಯಿತು. ಇಂಥ ಕಥೆ ಕೈಯಲ್ಲಿದ್ದರೆ ಯಾರಾದರೂ ಆ ಬೆಳಗಿನಿಂದಲೇ ಶುರು ಮಾಡುತ್ತಾರೆ, ಅಲ್ವಾ? ಆಕೆ ಹಾಗೆ ಮಾಡಲಿಲ್ಲ. ಹೀಗಾಯಿತು ಅಂತ ಶುರುವಿನಲ್ಲಿ ಚುಟುಕಾಗಿ ಹೇಳಿ, ಕಥೆಗೆ ಇಳಿಯುವ ಮೊದಲು ನಿಜವಾದ ಮನುಷ್ಯನ ಮೆದುಳೊಂದನ್ನು ವೇದಿಕೆಗೆ ತರಿಸಿ, ಎಡಭಾಗ ಏನು ಮಾಡುತ್ತದೆ, ಬಲಭಾಗ ಏನು ಮಾಡುತ್ತದೆ ಅಂತ ವಿವರಿಸಿದರು. ಆ ಬೆಳಗಿನ ಪೂರ್ತಿ ಕಥೆ ಬಂದದ್ದು ಅದಾದ ಮೇಲೆ. ಅಷ್ಟರಲ್ಲಿ ಕೇಳುವವರ ಹತ್ತಿರ ಕಥೆಯನ್ನು ಅರ್ಥ ಮಾಡಿಕೊಳ್ಳುವ ಸಾಮಾನು ಬಂದಿರುತ್ತದೆ, ಹಾಗಾಗಿ ಅವರು ಅಯ್ಯೋ ಪಾಪ ಅನ್ನುವುದಕ್ಕೆ ನಿಲ್ಲುವುದಿಲ್ಲ, ಒಳಗೆ ಏನು ನಡೆಯುತ್ತಿದೆ ಅಂತ ಹೆಜ್ಜೆ ಹೆಜ್ಜೆಗೂ ಹಿಂಬಾಲಿಸುತ್ತಾರೆ.

ನೀವೂ ಹಾಗೆ ಮಾಡಬಹುದು. ಡಿಮೆನ್ಶಿಯಾಕ್ಕೆ ಹೆಚ್ಚಿನ ಸಲ ಕಾರಣವಾಗುವ ಅಲ್ಜೈಮರ್‌ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಬಹಳ ಕಾಲ ಉಳಿಯುತ್ತದೆ. ಹೊಸ ನೆನಪು ಕಟ್ಟಲು ಬೇಕಾದ ಹಿಪ್ಪೊಕ್ಯಾಂಪಸ್ ಅನ್ನುವ ಭಾಗಕ್ಕೆ ಕಾಯಿಲೆ ಬೇಗ ತಗಲುವುದು ಇದಕ್ಕೆ ಮುಖ್ಯ ಕಾರಣ. ಇಷ್ಟು ಹೇಳಲು ಒಂದು ನಿಮಿಷ ಸಾಕು. ಆಮೇಲೆ "ಅವ್ವ ಎಲ್ಲಿ?" ಅನ್ನುವ ಪ್ರಶ್ನೆ ಬಂದಾಗ, ಅಜ್ಜಿಯ ಮಡಿಲು ಅಮ್ಮನಿಗೆ ಇವತ್ತಿಗೂ ಹತ್ತಿರವಿದೆ, ಅಜ್ಜಿಯ ಸಾವಿನ ಸುದ್ದಿ ಮಾತ್ರ ನಿಲ್ಲುತ್ತಿಲ್ಲ ಅಂತ ಕೇಳುವವರಿಗೆ ನೀವು ಹೇಳದೆಯೇ ಹೊಳೆಯುತ್ತದೆ.

ಅಮ್ಮನ ಕಷ್ಟ ಅಂತ ಬರೆದಿರುವುದರಲ್ಲಿ ಯಾವುದನ್ನು ತೆಗೆದರೆ ವಿಚಾರ ಕುಸಿಯುತ್ತದೋ ಅದನ್ನು ಮಾತ್ರ ಉಳಿಸಿಕೊಳ್ಳಿ. ನೆಂಟರು ತಿದ್ದಿದ್ದು ಬೇಕು. ಅಮ್ಮ ಅತ್ತಿದ್ದು ಬೇಕು, ಒಂದೇ ಸಲ ಸಾಕು. ನರ್ಸ್ ಹೇಳಿದ ಮಾತು ಬೇಕೇ ಬೇಕು, ಅದರ ಮೇಲೇ ಎಲ್ಲ ನಿಂತಿದೆ. ಅರ್ಧ ಗಂಟೆಯ ಆ ಮಾತುಕತೆಯನ್ನು ನೀವು ಇಲ್ಲಿ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅದೇ ಜಾಸ್ತಿ ಬೇಕು! ಅಮ್ಮ ಅಜ್ಜಿಯ ಬಗ್ಗೆ ಏನು ಹೇಳಿದರು? ಅಲ್ಲಿಂದ ಒಂದು ವಿವರವನ್ನು ಪೂರ್ತಿಯಾಗಿ ಹೇಳಿ. ವಿಚಾರ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಸಾಕ್ಷಿ ಇರುವುದು ಅಲ್ಲೇ.

ಪ್ರಶ್ನೆಗಾರ

ಹಳೇರೇಡಿಯೊ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಒಂದು ಎಚ್ಚರಿಕೆ ಸೇರಿಸಬೇಕು. ಇದನ್ನು ಹೇಳುತ್ತಿರುವುದು ನಿಮ್ಮ ಉತ್ಸಾಹ ಕುಗ್ಗಿಸಲು ಅಲ್ಲ.

ಸ್ವಂತ ಕಥೆಗೆ ಬಹಳ ಬಲ ಇದೆ. ಎಷ್ಟು ಬಲ ಅಂದರೆ, ಕೇಳುವವರು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿಬಿಡುತ್ತಾರೆ. ಮನಶ್ಶಾಸ್ತ್ರಜ್ಞೆ ಏಮಿ ಕಡ್ಡಿ 2012ರಲ್ಲಿ ಟೆಡ್‌ನಲ್ಲಿ ಮಾತಾಡಿದರು. ಎರಡು ನಿಮಿಷ ಎದೆ ಅಗಲಿಸಿ, ಗತ್ತಿನಿಂದ ನಿಂತರೆ ದೇಹದ ಹಾರ್ಮೋನುಗಳೇ ಬದಲಾಗುತ್ತವೆ, ಧೈರ್ಯ ಬರುತ್ತದೆ ಅನ್ನುವುದು ವಿಚಾರ. ಅದರೊಳಗೆ ಆಕೆಯ ಸ್ವಂತ ಕಥೆಯೂ ಇತ್ತು, ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಓದು ಮುಂದುವರಿಸಲು ಪಟ್ಟ ಪಾಡು. ಕೇಳಿದರೆ ಮನಸ್ಸು ಕರಗುತ್ತದೆ. ಆ ಮಾತು ಕೋಟಿಗಟ್ಟಲೆ ಜನಕ್ಕೆ ತಲುಪಿತು. ಆದರೆ ಹಾರ್ಮೋನಿನ ಲೆಕ್ಕ ನಿಂತಿದ್ದು 2010ರಲ್ಲಿ ಪ್ರಕಟವಾದ, 42 ಜನರ ಮೇಲೆ ಮಾಡಿದ ಒಂದು ಪ್ರಯೋಗದ ಮೇಲೆ. 2015ರಲ್ಲಿ ಬೇರೆ ತಂಡ 200 ಜನರ ಮೇಲೆ ಮತ್ತೆ ಮಾಡಿ ನೋಡಿತು. ತಮಗೆ ಧೈರ್ಯ ಬಂದ ಹಾಗೆ ಅನ್ನಿಸುತ್ತದೆ ಅಂತ ಜನ ಹೇಳಿದರು, ಹಾರ್ಮೋನು ಮಾತ್ರ ಬದಲಾಗಲಿಲ್ಲ. ಮೊದಲ ಪ್ರಯೋಗದಲ್ಲಿ ಜೊತೆಗಿದ್ದ ಡೇನಾ ಕಾರ್ನಿ ಅವರೇ 2016ರಲ್ಲಿ, ಈ ಪರಿಣಾಮ ನಿಜ ಅಂತ ತನಗಿನ್ನು ನಂಬಿಕೆ ಇಲ್ಲ ಅಂತ ಬಹಿರಂಗವಾಗಿ ಬರೆದರು. ಕಡ್ಡಿ ಅವರ ಪಾಡು ಸುಳ್ಳಲ್ಲ, ಅವರು ಎದ್ದು ನಿಂತಿದ್ದೂ ಸುಳ್ಳಲ್ಲ. ಒಬ್ಬರ ಬದುಕಿನ ಸತ್ಯ ಇನ್ನೊಂದು ಪ್ರಯೋಗಕ್ಕೆ ಸಾಕ್ಷಿಯಾಗುವುದಿಲ್ಲ, ನನ್ನ ತಕರಾರು ಇಷ್ಟೇ. ಟೆಡ್‌ಗೂ ಈ ಭಯ ಇಲ್ಲದೇ ಇಲ್ಲ. ಬೇರೆ ಬೇರೆ ಊರುಗಳಲ್ಲಿ ಸ್ಥಳೀಯರೇ ನಡೆಸುವ ಟೆಡ್‌ಎಕ್ಸ್ ಶುರುವಾದದ್ದು 2009ರಲ್ಲಿ. 2012ರ ಕೊನೆಗೆ ಅದರ ಆಯೋಜಕರಿಗೆಲ್ಲ ಹುಸಿ ವಿಜ್ಞಾನದ ಬಗ್ಗೆ ಎಚ್ಚರಿಕೆಯ ಪತ್ರ ಬರೆಯಬೇಕಾಯಿತು.

ಈಗ ನಿಮ್ಮ ವಿಷಯ. ತಿದ್ದದೆ, ಅವರ ಭಾವನೆಯನ್ನೇ ಹಿಡಿದು ಮಾತಾಡುವ ದಾರಿಗೆ ವ್ಯಾಲಿಡೇಶನ್ ಅನ್ನುವ ಹೆಸರಿದೆ. ಅಮೆರಿಕದ ನವೋಮಿ ಫೈಲ್ 1960ರ ದಶಕದಿಂದ ವೃದ್ಧರ ಜೊತೆ ಕೆಲಸ ಮಾಡುತ್ತಾ ಅದನ್ನು ರೂಪಿಸಿದರು. ಆರೈಕೆ ಮಾಡುವ ಬಹಳ ಜನ ಇದನ್ನು ಬಳಸುತ್ತಾರೆ. ಆದರೆ ಇದೊಂದು ಚಿಕಿತ್ಸೆಯಾಗಿ ಎಷ್ಟು ಕೆಲಸ ಮಾಡುತ್ತದೆ ಅಂತ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ ಕಾಕ್ರೇನ್ ಅನ್ನುವ ಸಂಸ್ಥೆಯ ವಿಮರ್ಶೆ, ತೀರ್ಮಾನಕ್ಕೆ ಬರುವಷ್ಟು ಪುರಾವೆ ಇಲ್ಲ ಅಂದಿತು. ಆದ್ದರಿಂದ "ಹೀಗೆ ಮಾಡಿದರೆ ರೋಗಿ ಶಾಂತವಾಗುತ್ತಾರೆ" ಅಂತ ಎಲ್ಲರಿಗೂ ಹೇಳಬೇಡಿ. "ನಮ್ಮ ಮನೆಯಲ್ಲಿ ಹೀಗಾಯಿತು" ಅಂತ ಹೇಳಿ. ಈ ಎರಡು ಸಾಲುಗಳ ನಡುವೆ ಇರುವ ಅಂತರ ಬಹಳ ದೊಡ್ಡದು. 2021ರ ಹೊತ್ತಿಗೆ ಜಗತ್ತಿನಲ್ಲಿ 5.7 ಕೋಟಿ ಜನರಿಗೆ ಡಿಮೆನ್ಶಿಯಾ ಇತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅಂದರೆ ನಿಮ್ಮ ಎದುರು ಕೂತವರಲ್ಲೂ ಮನೆಯಲ್ಲಿ ಇದನ್ನು ನೋಡುತ್ತಿರುವವರು ಇರಬಹುದು. ನೀವು ಹೇಳಿದ್ದನ್ನು ಅವರು ಮನೆಗೆ ಹೋಗಿ ಮಾಡಿ ನೋಡುತ್ತಾರೆ. ಮಾಡಿ, ಅವರ ಅಮ್ಮ ಶಾಂತವಾಗದಿದ್ದರೆ ತಮ್ಮದೇ ತಪ್ಪು ಅಂತ ಅಂದುಕೊಳ್ಳಬಾರದು.

ಬೆಳಗಿನಬಸ್ಸು

ಗಂಟಲು ಕಟ್ಟುವುದರ ಬಗ್ಗೆ ಮಾತ್ರ ಹೇಳುತ್ತೇನೆ. ನಾನೂ ಒಮ್ಮೆ ಅಣ್ಣನ ಬಗ್ಗೆ ಹೀಗೆ ಮಾತಾಡಿದ್ದೇನೆ.

ಯಾವ ಸಾಲಿನಲ್ಲಿ ಕಟ್ಟುತ್ತದೆ ಅಂತ ಹುಡುಕಿ, ಪೂರ್ತಿ ಭಾಷಣ ಬಿಟ್ಟು ಅದೊಂದನ್ನೇ ಅಡುಗೆ ಮಾಡುವಾಗ, ನಡೆಯುವಾಗ, ಬಟ್ಟೆ ಮಡಚುವಾಗ ಗಟ್ಟಿಯಾಗಿ ಹೇಳುತ್ತಾ ಇರಿ. ಆ ಸಾಲನ್ನು ಚಿಕ್ಕದು ಮಾಡಿ, ಕ್ರಿಯಾಪದಕ್ಕೆ ಬೇಗ ಬನ್ನಿ. ಉದ್ದ ವಾಕ್ಯದ ನಡುವೆ ದನಿ ನಡುಗಿದರೆ ವಾಪಸ್ ಬರುವುದು ಕಷ್ಟ. ಚಿಕ್ಕ ವಾಕ್ಯ ಮುಗಿಸಿ ನೀರು ಕುಡಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ಅಕ್ಕಾ, ಅಳು ಬಂದರೆ ಬರಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಮಾತಾಡುವವರು ಈ ಮಾತು ಮುಗಿಸುತ್ತಾರೋ ಇಲ್ಲವೋ ಅಂತ ಕೇಳುವವರಿಗೆ ಆತಂಕ ಶುರುವಾದರೆ, ಆಮೇಲೆ ಅವರ ಕಿವಿಗೆ ವಿಚಾರ ಬೀಳುವುದಿಲ್ಲ, ನಿಮ್ಮನ್ನು ನೋಡುತ್ತಾ ಕೂರುತ್ತಾರೆ. ಗೆಳತಿಯೊಬ್ಬಳ ಮುಂದೆ ಕೂತು ಹೇಳಿ ನೋಡಿ. ನಿಮ್ಮ ಕೈ ಹಿಡಿದುಕೊಳ್ಳಬೇಕು ಅಂತ ಅವಳಿಗೆ ಅನ್ನಿಸಿದ ಜಾಗ ಯಾವುದು ಅಂತ ಕೇಳಿ. ಅಲ್ಲಿ ಇನ್ನಷ್ಟು ಅಭ್ಯಾಸ ಬೇಕು.

ನಿಧಾನ_ನಡಿಗೆ

ತಮ್ಮನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನನಗೆ ಇಡೀ ಪೋಸ್ಟಿನಲ್ಲಿ ಅದೇ ಮುಖ್ಯ ಅನ್ನಿಸಿತು.

ಈ ಭಾಷಣಗಳು ಸಭಾಂಗಣದಲ್ಲಿ ಮುಗಿಯುವುದಿಲ್ಲ. ಟೆಡ್ ಶುರುವಾದದ್ದು 1984ರಲ್ಲಿ, ದುಡ್ಡು ಕೊಟ್ಟು ಬಂದವರಿಗಷ್ಟೇ. 2006ರ ಜೂನ್‌ನಲ್ಲಿ ಮೊದಲ ಆರು ಮಾತುಗಳನ್ನು ಎಲ್ಲರಿಗೂ ಉಚಿತವಾಗಿ ನೋಡಲು ಇಂಟರ್‌ನೆಟ್ಟಿಗೆ ಹಾಕಿದರು, ಅಲ್ಲಿಂದ ಇದರ ಸ್ವರೂಪವೇ ಬದಲಾಯಿತು. ಈಗ ಯಾವ ಸಣ್ಣ ಕಾರ್ಯಕ್ರಮವಾದರೂ ವಿಡಿಯೊ ಮಾಡುತ್ತಾರೆ. ನೀವು ಎದುರಿಗೆ ಕೂತ ನೂರು ಜನಕ್ಕೆ ಅಂತ ಹೇಳಿದ್ದು, ನಿಮ್ಮ ಅಮ್ಮನನ್ನು ಚೆನ್ನಾಗಿದ್ದ ಕಾಲದಲ್ಲಿ ಬಲ್ಲವರಿಗೂ, ನಾಳೆ ಹುಟ್ಟುವ ಮೊಮ್ಮಕ್ಕಳಿಗೂ ಸಿಗುತ್ತದೆ. ರೆಕಾರ್ಡ್ ಮಾಡುತ್ತಾರಾ, ಎಲ್ಲಿ ಹಾಕುತ್ತಾರೆ, ಬೇಡ ಅಂದರೆ ಆಮೇಲೆ ತೆಗೆಯುತ್ತಾರಾ, ಇದನ್ನೆಲ್ಲ ಆಯೋಜಕರ ಹತ್ತಿರ ಮೊದಲೇ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ.

ಅಮ್ಮ ಈಗ ಹೂಂ ಅಂದರೆ ಅದಕ್ಕೆ ಅರ್ಥವಿಲ್ಲ ಅಂತ ನೀವು ಬರೆದಿರಿ. ಸರಿ. ಹಾಗಿದ್ದರೆ ಚೆನ್ನಾಗಿದ್ದಾಗಿನ ಅಮ್ಮನನ್ನು ಮನಸ್ಸಿನಲ್ಲೇ ಮೊದಲ ಸಾಲಿನಲ್ಲಿ ಕೂರಿಸಿ. ಅವರು ಯಾವ ಮಾತಿಗೆ ತಲೆ ತಗ್ಗಿಸುತ್ತಿದ್ದರೋ ಅದನ್ನು ತೆಗೆಯಿರಿ. ಬಟ್ಟೆ, ಸ್ನಾನ, ರಾತ್ರಿಯ ರಂಪ, ಇವು ಯಾವುದೂ ನಿಮ್ಮ ವಿಚಾರಕ್ಕೆ ಬೇಡ. ತಮ್ಮನಿಗೂ ಬರೆದದ್ದನ್ನು ತೋರಿಸಿ. ಏನು ಹೇಳುತ್ತೀರಿ ಅಂತ ಗೊತ್ತಿಲ್ಲದಿದ್ದಾಗ ಇರುವ ಭಯ, ಬರಹ ಕೈಗೆ ಬಂದಾಗ ಎಷ್ಟೋ ಕಡಿಮೆಯಾಗುತ್ತದೆ. ಆಮೇಲೂ ಬೇಡ ಅಂದರೆ ಯಾವ ಸಾಲು ಬೇಡ ಅಂತ ಕೇಳಿ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ನೈಜೀರಿಯದ ಲೇಖಕಿ ಚಿಮಮಾಂಡ ನ್ಗೊಝಿ ಅಡಿಚಿಯೆ 2009ರಲ್ಲಿ ಟೆಡ್‌ನಲ್ಲಿ ಆಡಿದ ಮಾತಿನಲ್ಲಿ ಅವರ ಮನೆಯಲ್ಲಿ ಕೆಲಸಕ್ಕಿದ್ದ ಫಿಡೆ ಅನ್ನುವ ಹುಡುಗ ಬರುತ್ತಾನೆ. ಅವನ ಮನೆಯವರು ತುಂಬಾ ಬಡವರು ಅಂತ ಚಿಮಮಾಂಡ ಅವರ ತಾಯಿ ಹೇಳುತ್ತಿದ್ದರು. ಒಂದು ದಿನ ಅವನ ಊರಿಗೆ ಹೋದಾಗ, ಫಿಡೆಯ ಸಹೋದರ ಬಣ್ಣದ ನಾರಿನಿಂದ ಹೆಣೆದಿದ್ದ ಚಂದದ ಬುಟ್ಟಿಯೊಂದನ್ನು ಫಿಡೆಯ ತಾಯಿ ತೋರಿಸಿದರು. ಆ ಮನೆಯವರು ಏನನ್ನಾದರೂ ತಮ್ಮ ಕೈಯಿಂದ ಮಾಡಬಲ್ಲರು ಅನ್ನುವುದು ಆವರೆಗೆ ಪುಟ್ಟ ಚಿಮಮಾಂಡಳಿಗೆ ಹೊಳೆದೇ ಇರಲಿಲ್ಲ, ಯಾಕೆಂದರೆ ಅವರ ಬಗ್ಗೆ ಕೇಳಿದ್ದು ಬಡತನ ಒಂದನ್ನೇ. ಒಬ್ಬರ ಬಗ್ಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳಿದರೆ ಅವರು ಅದೇ ಆಗಿಬಿಡುತ್ತಾರೆ ಅನ್ನುವುದು ಆ ಮಾತಿನ ತಿರುಳು. ನಿಮ್ಮ 12 ನಿಮಿಷದಲ್ಲಿ ಅಮ್ಮ ಬರೀ ಮರೆತವಳಾಗಿ ಉಳಿಯಬಾರದು. ಆಕೆಗೆ ಏನು ಇಷ್ಟ, ಯಾವುದಕ್ಕೆ ನಗುತ್ತಿದ್ದರು, ಯಾವುದರಲ್ಲಿ ಹಠಮಾರಿ? ಅಂಥದ್ದೊಂದು ಕಾಯಿಲೆಯ ಮಾತು ಬರುವುದಕ್ಕೆ ಮೊದಲೇ ಬರಲಿ.

ಇಲ್ಲಿ ಹಳೇರೇಡಿಯೊ ಅವರ ಜೊತೆ ನನ್ನದು ಸಣ್ಣ ಭಿನ್ನಮತ. ಮೆದುಳಿನ ವಿವರಣೆ ಮೊದಲು ಬೇಡ. ಟೇಲರ್ ಅವರು ವಿಜ್ಞಾನಿ, ಅವರ ಬಾಯಲ್ಲಿ ಅದು ಸಹಜ. ನೀವು ಮಗಳು. ಹಿಪ್ಪೊಕ್ಯಾಂಪಸ್ಸಿನಿಂದ ಶುರು ಮಾಡಿದರೆ ಅಮ್ಮ ಮೊದಲ ನಿಮಿಷದಲ್ಲೇ ರೋಗಿಯಾಗಿಬಿಡುತ್ತಾರೆ.

ಹಳೇರೇಡಿಯೊ

ನಿಧಾನ_ನಡಿಗೆ ಹೇಳಿದ್ದು ಸರಿ. ಅಮ್ಮ ಮೊದಲು, ಮೆದುಳು ಆಮೇಲೆ, "ಅವ್ವ ಎಲ್ಲಿ?" ಅನ್ನುವ ಪ್ರಶ್ನೆ ಅದರ ನಂತರ. ಈ ಕ್ರಮ ನನ್ನದಕ್ಕಿಂತ ಚೆನ್ನಾಗಿದೆ.

ಕತೆಕೇಳುವವಳು

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ನಿನ್ನೆ ತಮ್ಮನ ಜೊತೆ ಕೂತು ಓದಿದೆ. ಅವನು ಬೇಡ ಅಂದಿದ್ದು ಎರಡೇ ಕಡೆ, ಎರಡೂ ಹೋದರೆ ನಷ್ಟವಿಲ್ಲದ ಸಾಲುಗಳು. ಅವನೇ ಒಂದು ವಿಷಯ ನೆನಪಿಸಿದ. ಅಮ್ಮ ಯಾರ ಮನೆಯಲ್ಲಿ ಹಾಡು ತಪ್ಪಾಗಿ ಹಾಡಿದರೂ ಅಲ್ಲೇ ತಿದ್ದುತ್ತಿದ್ದಳು, ಮದುವೆ ಮನೆಯಾದರೂ ಸರಿ! ಎಲ್ಲರನ್ನೂ ತಿದ್ದುತ್ತಿದ್ದವಳನ್ನು ಈಗ ಎಲ್ಲರೂ ತಿದ್ದುತ್ತಿದ್ದಾರೆ. ಇದನ್ನೇ ಶುರುವಿಗೆ ಇಟ್ಟುಕೊಂಡಿದ್ದೇನೆ. ಅಮ್ಮ ಇದನ್ನು ಕೇಳಿದ್ದರೆ ತಲೆ ತಗ್ಗಿಸುತ್ತಿರಲಿಲ್ಲ, ಹೌದು, ತಪ್ಪು ಹಾಡಿದರೆ ತಿದ್ದಬೇಡ್ವಾ ಅನ್ನುತ್ತಿದ್ದಳು.

ಪ್ರಶ್ನೆಗಾರ ಅವರೇ, "ನಮ್ಮ ಮನೆಯಲ್ಲಿ ಹೀಗಾಯಿತು" ಅನ್ನುವುದನ್ನು ಹಾಗೇ ಬರೆದುಕೊಂಡೆ. ಎಲ್ಲ ದಿನವೂ ಇದು ನಡೆಯುವುದಿಲ್ಲ, ಕೆಲವು ಸಂಜೆ ಏನು ಕೇಳಿದರೂ ಅಮ್ಮ ಸಮಾಧಾನವಾಗುವುದಿಲ್ಲ ಅನ್ನುವುದನ್ನೂ ಸೇರಿಸಿದೆ.

ಇನ್ನು ಉಳಿದದ್ದು ಎರಡು. ಆಯೋಜಕರು 12 ನಿಮಿಷ ಅಂದರೆ 1500 ಪದ ಬರೆದುಕೊಳ್ಳಿ ಅಂದಿದ್ದಾರೆ, ನನ್ನದು ಅದಕ್ಕಿಂತ ಕಡಿಮೆ ಇದ್ದರೂ ಓದಿದರೆ ಸಮಯ ಮೀರುತ್ತಿದೆ. ಯಾಕೆ? ಮತ್ತೆ ಸ್ಲೈಡ್ ಬೇಕಾ? ಅಮ್ಮನ ಈಗಿನ ಫೋಟೊ ಹಾಕಿ ಅಂತ ಅವರು ಕೇಳಿದ್ದಾರೆ.

ಹಳೇರೇಡಿಯೊ

ಆ ಪದದ ಲೆಕ್ಕ ಇಂಗ್ಲಿಷಿನಿಂದ ಬಂದದ್ದು. ಅಲ್ಲಿ ನಿಮಿಷಕ್ಕೆ 120ರಿಂದ 150 ಪದ ಅಂತ ಹಿಡಿಯುತ್ತಾರೆ. ನಮ್ಮಲ್ಲಿ "ಹೇಳಿಕೊಳ್ಳಬೇಕಾಗಿತ್ತಂತೆ" ಅನ್ನುವುದು ಒಂದೇ ಪದ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪದ ಎಣಿಸುವುದು ಬಿಟ್ಟು ಫೋನಿನಲ್ಲಿ ಟೈಮರ್ ಹಾಕಿ, ನಿಂತುಕೊಂಡು, ಕೇಳುವವರಿಗೆ ಹೇಳುವ ದನಿಯಲ್ಲೇ ಹೇಳಿ. ಕೂತು ಗುನುಗಿದರೆ ಸಮಯ ಕಡಿಮೆ ತೋರಿಸುತ್ತದೆ. ಮನೆಯಲ್ಲಿ ಹತ್ತೂವರೆ ನಿಮಿಷಕ್ಕೆ ಮುಗಿದರೆ ಅಲ್ಲಿ 12 ಆಗುತ್ತದೆ, ಉಸಿರಿಗೂ ನೀರಿಗೂ ಜನ ನಗುವುದಕ್ಕೂ ಜಾಗ ಬೇಕಲ್ಲ. ಟೆಡ್‌ನವರ 18 ನಿಮಿಷದ ಮಿತಿಯ ಹಿಂದೆ, ಗಮನ ಹಿಡಿದಿಡುವಷ್ಟು ಚಿಕ್ಕದು, ಗಂಭೀರವಾದದ್ದನ್ನು ಹೇಳಲು ಸಾಕಾಗುವಷ್ಟು ದೊಡ್ಡದು ಅನ್ನುವ ಲೆಕ್ಕ ಇದೆ. ನಿಮ್ಮ ವಿಚಾರಕ್ಕೆ 12 ಧಾರಾಳ ಸಾಕು.

ಪೂರ್ತಿ ಬಾಯಿಪಾಠ ಬೇಡ. ಮೊದಲ ನಾಲ್ಕು ಸಾಲು, ನರ್ಸ್ ಹೇಳಿದ ಮಾತು, ಕೊನೆಯ ಎರಡು ಸಾಲು, ಇಷ್ಟು ಅಕ್ಷರಶಃ ಬರಲಿ. ಉಳಿದದ್ದು ಪ್ರತಿ ಸಲ ಸ್ವಲ್ಪ ಬೇರೆ ಥರ ಬಂದರೆ ಒಳ್ಳೆಯದೇ. 1997ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ದಿ ಮಾತ್ ಅನ್ನುವ ಕಥೆ ಹೇಳುವ ಕೂಟದಲ್ಲಿ ಕೈಯಲ್ಲಿ ಚೀಟಿ ಹಿಡಿಯುವಂತೆಯೇ ಇಲ್ಲ, ಎದುರಿಗೆ ಕೂತವರ ಮುಖ ನೋಡಿಕೊಂಡೇ ಹೇಳಬೇಕು. ಸ್ವಂತ ಕಥೆ ಆಗಿರುವುದರಿಂದ ನೀವು ದಾರಿ ತಪ್ಪುವ ಭಯ ಇಲ್ಲ.

ಸ್ಲೈಡ್ ಬೇಡ. ಪೆಚಕುಚ ಥರದ ಕಾರ್ಯಕ್ರಮದಲ್ಲಿ 20 ಚಿತ್ರ, ಒಂದೊಂದಕ್ಕೆ 20 ಸೆಕೆಂಡ್ ಅಂತ ಇರುತ್ತದೆ, ಅಲ್ಲಿ ಚಿತ್ರದಿಂದಲೇ ಮಾತು ಹೊರಡಬೇಕು. ನಿಮ್ಮಲ್ಲಿ ಹಾಗಿಲ್ಲ. ಅಮ್ಮನ ಈಗಿನ ಫೋಟೊ ಹಾಕಿದರೆ ಜನ ಆ ಮುಖದಲ್ಲಿ ಕಾಯಿಲೆ ಹುಡುಕುತ್ತಾರೆ. ಹಾಕಲೇಬೇಕು ಅಂದರೆ ಅಮ್ಮ ಹಾಡುತ್ತಿದ್ದ ಕಾಲದ್ದೊಂದು, ಅದೂ ತಮ್ಮ ಒಪ್ಪಿದರೆ. ಆಯೋಜಕರಿಗೆ ಈಗಲೇ ಹೇಳಿಬಿಡಿ, ಕೊನೆಯ ದಿನಕ್ಕೆ ಬಿಟ್ಟರೆ ಅವರು ಎಲ್ಲಿಂದಲೋ ಒಂದು ಚಿತ್ರ ತಂದು ಪರದೆಗೆ ಹಾಕಿರುತ್ತಾರೆ.

ಬೆಳಗಿನಬಸ್ಸು

ಹಾಡು ತಿದ್ದುತ್ತಿದ್ದ ಅಮ್ಮ! ಇದು ಬೇಕಿತ್ತು ಅಕ್ಕಾ. ಯಾವ ಹಾಡು ಅಂತಲೂ ಹೇಳಿ. ಬಂದರೆ ಒಂದು ಸಾಲು ಹಾಡಿ ಕೂಡ.